ನಾಯಕನ ನಡತೆಗೆ ಸಾಕ್ಷಿ ಯಾರು?

ಕ್ರೈಸ್ತ ಸಭೆಗೆ ಹೊಸ ಪಾಲಕರು, ಅಂದರೆ ಪಾಸ್ಟರ್, ಬೇಕಾದಾಗ ಕಮಿಟಿಯವರು ಏನೇನು ವಿಚಾರಿಸುತ್ತಾರೆ ಎಂಬುದು ನಿಮಗೆಲ್ಲ ಗೊತ್ತಿದೆ. ಪ್ರಸಂಗ ಹೇಗೆ ಮಾಡುತ್ತಾರೆ, ಹಾಡಲು ಬರುತ್ತದೆಯೇ, ಯುವಕರನ್ನು ಕೂಡಿಸಬಲ್ಲರೇ, ಕಟ್ಟಡದ ಕೆಲಸ ಹಿಡಿದು ಮುಗಿಸಬಲ್ಲರೇ? ಒಂದನ್ನೂ ತಪ್ಪು ಎನ್ನಲಾರೆ. ಆದರೆ ಬೈಬಲಿನಲ್ಲಿ ಅಪೊಸ್ತಲ ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮೂರನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟು ನೋಡಿ. ಸಭಾಧ್ಯಕ್ಷನಲ್ಲಿ, ಅಂದರೆ ಸಭೆಯನ್ನು ನೋಡಿಕೊಳ್ಳುವವನಲ್ಲಿ, ಇರಬೇಕಾದದ್ದು ಎಂದು ಅಲ್ಲಿ ಹದಿನೈದರಷ್ಟು ಸಂಗತಿಗಳಿವೆ. ಹೆಂಡತಿಗೆ ನಿಷ್ಠನಾಗಿರಬೇಕು, ಕುಡುಕನಾಗಿರಬಾರದು, ಹೊಡೆದಾಟಕ್ಕೆ ಹೋಗುವವನಾಗಿರಬಾರದು, ಹಣದಾಸೆ ಇರಬಾರದು, ಮನೆಗೆ ಬಂದವರನ್ನು ಉಪಚರಿಸಬೇಕು, ಹೊಸದಾಗಿ ಸಭೆಗೆ ಸೇರಿದವನಾಗಿರಬಾರದು, ಹೊರಗಿನವರೂ ಅವನನ್ನು ಒಳ್ಳೆಯವನೆನ್ನಬೇಕು. ಇಡೀ ಪಟ್ಟಿಯಲ್ಲಿ ವೇದಿಕೆಯ ಮೇಲೆ ಕಾಣುವ ಸಾಮರ್ಥ್ಯ ಒಂದೇ ಒಂದು, ಬೋಧಿಸಬಲ್ಲವನಾಗಿರಬೇಕು ಎನ್ನುವುದು. ಮಿಕ್ಕದ್ದೆಲ್ಲ ನಡತೆ.

ಅದೇ ಪಟ್ಟಿಯಲ್ಲಿ ಇನ್ನೊಂದನ್ನು ಗಮನಿಸಿ. ಇವುಗಳಲ್ಲಿ ಒಂದಕ್ಕೂ ನಾಯಕ ತಾನೇ ಪ್ರಮಾಣಪತ್ರ ಕೊಟ್ಟುಕೊಳ್ಳಲು ಬರುವುದಿಲ್ಲ. ನನಗೆ ಹಣದಾಸೆ ಇಲ್ಲ ಎಂದು ನಾನೇ ಹೇಳಿದರೆ ಅದಕ್ಕೇನು ಬೆಲೆ? ಹೆಂಡತಿ, ಮಕ್ಕಳು, ಖಜಾಂಚಿ, ನೆರೆಮನೆಯವರು, ಸಾಲ ಕೊಟ್ಟವರು ಹೇಳಬೇಕು. ನಾನು ಈ ಹೊತ್ತು ಹೇಳಬೇಕೆಂದಿರುವುದು ಇದನ್ನೇ. ನಾಯಕನ ಚಾರಿತ್ರ್ಯ ಅವನ ಎದೆಯೊಳಗಿನ ಗುಟ್ಟಾಗಿ ಉಳಿಯಬಾರದು. ಬೇರೆಯವರು ನೋಡಿ, ಕೇಳಿ, ಬೇಕಾದರೆ ತಡೆಯುವಂತೆ ಅದು ತೆರೆದಿರಬೇಕು. ಹಾಗೆ ತೆರೆದಿಡಲು ಒಪ್ಪುವುದೇ ಚಾರಿತ್ರ್ಯದ ಬಹುದೊಡ್ಡ ಭಾಗ ಎಂದು ನಾನು ನಂಬಿದ್ದೇನೆ.

ಆಯ್ಕೆಯ ವಿಷಯವನ್ನೇ ಮೊದಲು ಮುಗಿಸಿಬಿಡೋಣ. ಶಿಫಾರಸು ಪತ್ರವನ್ನು ನೆಚ್ಚಿಕೊಂಡು ಕೂರಬೇಡಿ. ಸಾಗಹಾಕಬೇಕೆಂದಿರುವವರ ಬಗ್ಗೆಯೂ ಚೆಂದದ ಪತ್ರ ಬರೆದುಕೊಡುವವರಿದ್ದಾರೆ. ಇಬ್ಬರು ಹಿರಿಯರು ಅವರು ಹಿಂದೆ ಇದ್ದ ಊರಿಗೆ ಹೋಗಲಿ. ಮನೆ ಬಾಡಿಗೆಗೆ ಕೊಟ್ಟವರನ್ನು, ದಿನಸಿ ಅಂಗಡಿಯವರನ್ನು, ಚರ್ಚಿನ ಕಸ ಗುಡಿಸಿ ಗಂಟೆ ಹೊಡೆಯುವವರನ್ನು ಕಾಣಲಿ. ‘ಹೇಗಿದ್ದಾರೆ’ ಎಂದು ಕೇಳಿದರೆ ‘ಒಳ್ಳೆಯವರು’ ಎಂಬ ಉತ್ತರವೇ ಬರುವುದು. ಬಿಡಿಬಿಡಿಯಾಗಿ ಕೇಳಬೇಕು. ಹೇಳಿದ ದಿನಕ್ಕೆ ಸಾಲ ತೀರಿಸಿದರಾ? ಸಿಟ್ಟು ಬಂದಾಗ ಏನು ಮಾಡುತ್ತಿದ್ದರು? ಕಮಿಟಿಯಲ್ಲಿ ಅವರ ಮಾತು ಬಿದ್ದುಹೋದ ಸಂದರ್ಭ ಇದೆಯೇ, ಆಮೇಲೆ ಆ ಸದಸ್ಯರ ಜೊತೆ ಹೇಗಿದ್ದರು? ಕೊನೆಗೆ ಹಿಂದಿನ ಸಭೆಯವರಿಗೆ ಒಂದು ಪ್ರಶ್ನೆ: ಇವರನ್ನೇ ಮತ್ತೆ ಕರೆಸಿಕೊಳ್ಳುತ್ತೀರಾ? ಅದಕ್ಕೆ ಎಷ್ಟು ಹೊತ್ತು ಸುಮ್ಮನಿದ್ದು ಉತ್ತರಿಸುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಯಾರ ಮೇಲೂ ಅವಸರದಿಂದ ಹಸ್ತವಿಡಬೇಡ, ಅಂದರೆ ಅವಸರದಿಂದ ಸೇವೆಗೆ ನೇಮಿಸಬೇಡ, ಎಂದು ತಿಮೊಥೆಯನಿಗೆ ಅದೇ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಹೇಳಿದೆ. ಖಾಲಿ ಇರುವ ಪ್ರಸಂಗಪೀಠ ಆರು ತಿಂಗಳು ಖಾಲಿಯೇ ಇದ್ದರೂ ಸಭೆ ಮುಳುಗುವುದಿಲ್ಲ.

ಇನ್ನು ಹಣ. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಅಖಾಯ ಸೀಮೆಗಳ ಸಭೆಗಳಿಂದ ಪೌಲ ಕಾಣಿಕೆ ಕೂಡಿಸುತ್ತಿದ್ದ. ಅವನ ಪ್ರಾಮಾಣಿಕತೆಯನ್ನು ನಾವ್ಯಾರೂ ಅನುಮಾನಿಸುವುದಿಲ್ಲ. ಆದರೂ ಆ ಹಣವನ್ನು ಅವನು ತಾನೊಬ್ಬನೇ ಮುಟ್ಟಲಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ತನ್ನ ಜೊತೆಗೆಲಸಗಾರ ತೀತನ ಜೊತೆಗೆ ಇನ್ನಿಬ್ಬರು ಸಹೋದರರನ್ನು ಕಳಿಸುತ್ತಾನೆ. ಅವರಲ್ಲಿ ಒಬ್ಬ ಸಭೆಗಳೇ ಆರಿಸಿ ನೇಮಿಸಿದವನು, ಪೌಲನ ಸ್ವಂತ ಆಯ್ಕೆಯಲ್ಲ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕು ಎಂಬುದು ಅವನೇ ಕೊಡುವ ಕಾರಣ. ‘ದೇವರು ನೋಡುತ್ತಾನೆ, ನನಗಷ್ಟು ಸಾಕು’ ಎಂದು ಲೆಕ್ಕ ಕೊಡದೆ ಜಾರಿಕೊಳ್ಳುವವರು ಈ ವಚನವನ್ನು ಓದಬೇಕು.

ಹತ್ತೊಂಬತ್ತು ಶತಮಾನ ದಾಟಿ ಬರೋಣ. 1948ರ ನವೆಂಬರ್, ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರು. ಊರೂರಲ್ಲಿ ಸುವಾರ್ತೆ ಸಾರುತ್ತಿದ್ದ ಅಮೆರಿಕದ ಬಿಲ್ಲಿ ಗ್ರಹಾಂಗೆ ಆಗ 30ರ ಪ್ರಾಯ. ಜೊತೆಯಲ್ಲಿ ಕ್ಲಿಫ್ ಬ್ಯಾರೋಸ್, ಜಾರ್ಜ್ ಬೆವರ್ಲಿ ಶೇ, ಗ್ರೇಡಿ ವಿಲ್ಸನ್. ಊರೂರು ತಿರುಗುವ ಸುವಾರ್ತಿಕರೆಂದರೆ ಆ ಕಾಲದ ಅಮೆರಿಕದ ಜನಕ್ಕೆ ಅಷ್ಟು ಗೌರವವಿರಲಿಲ್ಲ, ಅದಕ್ಕೆ ಕಾರಣಗಳೂ ಇದ್ದವು. ಗ್ರಹಾಂ ಗೆಳೆಯರಿಗೆ ಹೇಳಿದ್ದು ಇಷ್ಟು: ನಿಮ್ಮ ನಿಮ್ಮ ಕೋಣೆಗೆ ಹೋಗಿ, ಸುವಾರ್ತಿಕರು ಎಲ್ಲೆಲ್ಲಿ ಬೀಳುತ್ತಾರೆ ಎಂದು ಒಂದು ಗಂಟೆ ಯೋಚಿಸಿ ಬರೆದು ತನ್ನಿ. ತಿರುಗಿ ಬಂದಾಗ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಹಣ, ಹೆಂಗಸರ ಜೊತೆಗಿನ ನಡತೆ, ಸ್ಥಳೀಯ ಸಭೆಗಳನ್ನು ಹಳಿಯುವುದು, ಜನರ ಲೆಕ್ಕವನ್ನು ಉಬ್ಬಿಸಿ ಹೇಳುವುದು. ನಾಲ್ಕರಲ್ಲೂ ಹೇಗೆ ನಡೆದುಕೊಳ್ಳಬೇಕೆಂದು ಅವತ್ತೇ ಮಾತಾಡಿ ಒಪ್ಪಿಕೊಂಡರು. ಮುಂದೆ ಅದಕ್ಕೆ ಮೊಡೆಸ್ಟೊ ಪ್ರಣಾಳಿಕೆ ಎಂಬ ಹೆಸರು ಬಂತು.

ಹಣದ ಮಾತು ಪೂರ್ತಿ ಬಗೆಹರಿಯಲು ಇನ್ನೂ ಕೆಲವು ವರ್ಷ ಬೇಕಾದವು, ಆ ದಾರಿ ತಿಳಿಯುವಂಥದ್ದು. ಸುವಾರ್ತಿಕನ ಸಂಪಾದನೆ ಎಂದರೆ ಕೂಟಗಳ ಕೊನೆಯ ದಿನ ಎತ್ತುವ ಪ್ರೀತಿಯ ಕಾಣಿಕೆ. ಜನರ ಮನಸ್ಸು ಎಷ್ಟು ಕರಗಿದರೆ ಅಷ್ಟು ಹಣ, ಹಾಗಾಗಿ ಕರಗಿಸುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. 1950ರಲ್ಲಿ ಪೋರ್ಟ್‌ಲ್ಯಾಂಡಿನ ಕೂಟದಲ್ಲಿ ರೇಡಿಯೋ ಕಾರ್ಯಕ್ರಮಕ್ಕೆಂದು ಜನ ಕೊಟ್ಟ ಹಣವನ್ನು ಷೂ ಪೆಟ್ಟಿಗೆಯೊಂದರಲ್ಲಿ ತುಂಬಿಸಿಕೊಳ್ಳಬೇಕಾಯಿತು. ಅದನ್ನು ಯಾರೋ ಒಬ್ಬರ ಸ್ವಂತ ಖಾತೆಗೆ ಹಾಕುವ ಬದಲು, ಆಡಳಿತ ಮಂಡಳಿ ಇರುವ ಸಂಘವೊಂದನ್ನು ನೋಂದಾಯಿಸಿದರು. ಅದೇ ವರ್ಷದ ಕೊನೆಗೆ ಅಟ್ಲಾಂಟಾದ ಪತ್ರಿಕೆಯೊಂದು ಎರಡು ಚಿತ್ರಗಳನ್ನು ಅಕ್ಕಪಕ್ಕ ಅಚ್ಚು ಹಾಕಿತು. ಒಂದರಲ್ಲಿ ನಗುತ್ತಿರುವ ಗ್ರಹಾಂ, ಇನ್ನೊಂದರಲ್ಲಿ ಕಾಣಿಕೆಯ ಹಣದ ಚೀಲಗಳು. ಕಾನೂನಿನ ಪ್ರಕಾರ ಏನೂ ತಪ್ಪಾಗಿರಲಿಲ್ಲ. ಆದರೂ ಅದಾದ ಮೇಲೆ ಅವರು ಪ್ರೀತಿಯ ಕಾಣಿಕೆ ತೆಗೆದುಕೊಳ್ಳುವುದನ್ನು ಬಿಟ್ಟು, ದೊಡ್ಡ ನಗರವೊಂದರ ಪಾಲಕರಿಗೆ ಸಿಗುವಷ್ಟು, ಅಂದರೆ ವರ್ಷಕ್ಕೆ 15,000 ಡಾಲರ್, ಸಂಬಳವನ್ನು ಸಂಘದಿಂದ ಪಡೆಯತೊಡಗಿದರು. ಕೂಟಕ್ಕೆ ಎಷ್ಟು ಹಣ ಬಂದರೂ ಅವರ ಕೈಗೆ ಬರುವುದು ಅಷ್ಟೇ. ಆಸೆಯ ಬೇರನ್ನೇ ಕಡಿದ ಹಾಗಾಯಿತು.

ನಮ್ಮ ಸಭೆಗಳಲ್ಲಿ ಇದನ್ನು ಹೇಗೆ ಮಾಡಬಹುದು? ಭಾನುವಾರದ ಕಾಣಿಕೆಯಿಂದ ಶುರುಮಾಡಿ. ಆರಾಧನೆ ಮುಗಿದ ಕೂಡಲೇ, ಚರ್ಚ್ ಬಿಡುವ ಮೊದಲು ಎಣಿಸಬೇಕು. ಎಣಿಸುವವರು ಇಬ್ಬರು ಅಥವಾ ಮೂವರು, ಒಂದೇ ಮನೆಯವರಾಗಿರಬಾರದು, ತಿಂಗಳಿಗೊಮ್ಮೆ ಬದಲಾಗಬೇಕು. ಪಾಲಕರು ಎಣಿಸಬಾರದು, ಆ ಕೋಣೆಯಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. 500ರ ನೋಟು ಎಷ್ಟು, 200ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಚೀಟಿಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಒಂದು ಪ್ರತಿ ಖಜಾಂಚಿಗೆ, ಒಂದು ಕಾರ್ಯದರ್ಶಿಗೆ. ಸೋಮವಾರ ಅಷ್ಟೂ ಹಣ ಬ್ಯಾಂಕಿಗೆ ಹೋಗಬೇಕು. ಈ ‘ಅಷ್ಟೂ’ ಎನ್ನುವಲ್ಲೇ ಹೆಚ್ಚಿನ ಸಭೆಗಳು ಜಾರುವುದು. ಚೀಲದಿಂದಲೇ ಆಟೋ ಬಾಡಿಗೆ, ಚೀಲದಿಂದಲೇ ಹೂವಿನ ದುಡ್ಡು, ಚೀಲದಿಂದಲೇ ಅತಿಥಿ ಪ್ರಸಂಗಿಯ ಕೈಗೆ ಏನೋ ಒಂದಿಷ್ಟು. ಯಾರಿಗೂ ಕದಿಯುವ ಉದ್ದೇಶ ಇರುವುದಿಲ್ಲ. ಆದರೆ ಎಣಿಕೆಯ ಚೀಟಿಗೂ ಪಾಸ್‌ಬುಕ್ಕಿಗೂ ತಾಳೆಯಾಗದೇ ಹೋದರೆ, ಮುಂದೆ ನಿಜವಾಗಿ ಕದಿಯುವವನು ಬಂದಾಗ ಹಿಡಿಯಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಸಣ್ಣ ಖರ್ಚಿಗೆ ಬೇರೆ ಮುಂಗಡ ಇಡಿ, ಅದಕ್ಕೆ ವೋಚರ್ ಬರೆಯಿರಿ. ತಿಂಗಳ ಕೊನೆಗೆ ಚೀಟಿಗಳನ್ನೂ ಬ್ಯಾಂಕಿನ ಲೆಕ್ಕವನ್ನೂ ತಾಳೆ ನೋಡುವವರು, ಆ ತಿಂಗಳು ಎಣಿಸಿದವರಲ್ಲದ ಬೇರೊಬ್ಬರಾಗಿರಲಿ.

ಸುಗ್ಗಿ ಹಬ್ಬದ ಹರಾಜಿನ ಕಥೆಯೂ ಇದೇ. ಒಂದು ತೆಂಗಿನಕಾಯಿ, ಒಂದು ಬಾಳೆಗೊನೆ, ಒಂದು ಹುಂಜ ಸಾವಿರಾರು ರೂಪಾಯಿಗೆ ಹೋಗುತ್ತದೆ, ಎಲ್ಲರಿಗೂ ಖುಷಿ. ಆದರೆ ಕೂಗಿದವರಲ್ಲಿ ಅರ್ಧ ಜನ ‘ಆಮೇಲೆ ಕೊಡುತ್ತೇನೆ’ ಎನ್ನುವವರು. ವಸ್ತು, ಕೂಗಿದವರ ಹೆಸರು, ಮೊತ್ತ, ಕೊಟ್ಟ ದಿನ ಎಂಬ ನಾಲ್ಕು ಅಂಕಣ ಹಾಕಿ ಅಲ್ಲೇ ಬರೆದುಕೊಳ್ಳದಿದ್ದರೆ, ವಸೂಲಾದದ್ದು ಎಷ್ಟು, ಯಾರ ಕೈಗೆ ಬಂತು ಎನ್ನುವುದು ಕ್ರಿಸ್ಮಸ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಅನುಮಾನ ಮಾತ್ರ ಉಳಿಯುತ್ತದೆ, ಅದು ಹೋಗಿ ನಿಲ್ಲುವುದು ಪಾಲಕರ ಹೆಸರಿನ ಮೇಲೆ.

ಈಗ ಕ್ಯೂಆರ್ ಕೋಡ್ ಬಂದಿದೆ. ಪ್ರಸಂಗಪೀಠದ ಪಕ್ಕ ಅಂಟಿಸಿದ ಕೋಡನ್ನು ನೀವೇ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಪರದೆಯ ಮೇಲೆ ಸಭೆಯ ಹೆಸರು ಬರುತ್ತದೆಯೋ, ಪಾಲಕರ ಹೆಸರೋ? ಪಾಲಕರ ಹೆಸರು ಬಂದರೆ ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಆ ಕೋಡು ಅವತ್ತೇ ಗೋಡೆಯಿಂದ ಇಳಿಯಬೇಕು. ಸಭೆಯ ಹಣ ಅವರ ಸಂಬಳದ ಜೊತೆ ಬೆರೆತುಹೋದರೆ ಬೇರ್ಪಡಿಸಿ ತೋರಿಸಲು ಅವರಿಗೇ ಆಗುವುದಿಲ್ಲ. ಮನೆ ಪ್ರಾರ್ಥನೆಗೆ ಹೋದಾಗ ಕೈಗಿಡುವ ಲಕೋಟೆಯದ್ದೂ ಇದೇ ತೊಡಕು. ಅದು ಪಾಲಕರಿಗೋ, ಸಭೆಗೋ, ಅನಾಥಾಲಯಕ್ಕೋ? ಕೊಡುವವರೇ ಮೇಲೆ ಬರೆದುಕೊಡುವ ರೂಢಿ ಮಾಡಿ. ‘ಇದು ಯಾರಿಗೆ’ ಎಂದು ಕೇಳಲು ಪಾಲಕರೂ ನಾಚಿಕೊಳ್ಳಬೇಕಿಲ್ಲ. ಹೊರದೇಶದ ಕಾಣಿಕೆಯ ಕಟ್ಟಳೆಯಂತೂ ಗಟ್ಟಿಯಾಗಿದೆ. 2020ರ ತಿದ್ದುಪಡಿಯ ಮೇಲೆ ಅದು ಮೊದಲು ಬಂದು ಸೇರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತದ ಖರ್ಚಿಗೆ ಶೇಕಡಾ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ, ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ‘ಪರಿಚಯದವರು ಸ್ವಂತ ಖಾತೆಗೆ ಕಳಿಸಿದ್ದಾರೆ, ಸೇವೆಗೆ ತಾನೇ’ ಎನ್ನುವವರು ಸೇವೆಯನ್ನೇ ಅಪಾಯಕ್ಕೆ ಒಡ್ಡುತ್ತಿದ್ದಾರೆ.

ಜನರ ಲೆಕ್ಕ ಉಬ್ಬಿಸುವ ಮಾತನ್ನು ಮೊಡೆಸ್ಟೊದವರು ಹಣದಷ್ಟೇ ಗಂಭೀರವಾಗಿ ತೆಗೆದುಕೊಂಡದ್ದು ನನಗೆ ತುಂಬ ಹಿಡಿಸುತ್ತದೆ. ಪೊಲೀಸರೋ ಮೈದಾನದವರೋ ಕೊಟ್ಟ ಸಂಖ್ಯೆ ಕಡಿಮೆ ಅನ್ನಿಸಿದರೂ ಅದನ್ನೇ ಹೇಳುತ್ತಿದ್ದರು. ನಮ್ಮ ವರದಿಗಳನ್ನು ತೆಗೆದು ನೋಡಿ. ಒಂದೇ ಫೋಟೋ ಇಬ್ಬರು ದಾನಿಗಳಿಗೆ ಹೋಗಿರುತ್ತದೆ. ಮೂರು ಸಭೆ ಸೇರಿ ನಡೆಸಿದ ಕೂಟವನ್ನು ಮೂವರೂ ತಮ್ಮದೆಂದು ಬರೆದಿರುತ್ತಾರೆ. ಆರಾಧನೆಗೆ ಬಂದವರನ್ನು ಬಾಗಿಲಲ್ಲಿ ನಿಂತು ಎಣಿಸಿದರೆ ಮುಗಿಯುವ ಕೆಲಸಕ್ಕೆ ‘ಸುಮಾರು’ ಎನ್ನುವ ಪದ ಸೇರಿಕೊಳ್ಳುತ್ತದೆ. ಸಂಖ್ಯೆಯಲ್ಲಿ ಸುಳ್ಳು ಹೇಳಿ ಅಭ್ಯಾಸವಾದವರಿಗೆ ಹಣದಲ್ಲಿ ಸುಳ್ಳು ಹೇಳುವುದು ಬಹಳ ದೂರದ ಹಾದಿಯಲ್ಲ.

ಹೆಂಗಸರ ಜೊತೆಗಿನ ನಡತೆಯ ವಿಷಯದಲ್ಲಿ ಗ್ರಹಾಂ ಮಾಡಿಕೊಂಡ ನಿಯಮ ಹೆಸರುವಾಸಿ. ಹೆಂಡತಿಯಲ್ಲದ ಹೆಂಗಸಿನ ಜೊತೆ ಒಬ್ಬರೇ ಊಟಕ್ಕೆ ಹೋಗುವುದಿಲ್ಲ, ಪ್ರಯಾಣ ಮಾಡುವುದಿಲ್ಲ ಎಂದು. ಇದನ್ನು ಕಣ್ಣುಮುಚ್ಚಿ ಅನುಸರಿಸಿದರೆ ಸಭೆಯ ಸ್ತ್ರೀಯರು ಪಾಲಕರ ಜೊತೆ ಕೆಲಸದ ಮಾತೂ ಆಡಲಾಗದೆ ಹೊರಗುಳಿಯುತ್ತಾರೆ, ಅದು ಅನ್ಯಾಯ. ಹೆಂಗಸರನ್ನು ದೂರ ಇಡುವುದರಿಂದ ಗಂಡಸಿನ ನಡತೆ ನೆಟ್ಟಗಾಗುವುದಿಲ್ಲ. ಆಲೋಚನೆ ಹೇಳುವ ಕೋಣೆಯ ಬಾಗಿಲಿಗೆ ಗಾಜು ಹಾಕಿಸಿ, ಪಕ್ಕದಲ್ಲಿ ಆಫೀಸಿನವರು ಕೂತಿರುವ ಹೊತ್ತಿನಲ್ಲೇ ಸಮಯ ಕೊಡಿ, ಯಾರು ಯಾವಾಗ ಬಂದರು ಎಂದು ಡೈರಿಯಲ್ಲಿ ಬರೆಯಿರಿ. ರಾತ್ರಿ ಹತ್ತರ ಮೇಲೆ ವಾಟ್ಸಾಪ್‌ನಲ್ಲಿ ಆಪ್ತಸಮಾಲೋಚನೆ ಬೇಡ. ತಾವಾಗಿಯೇ ಅಳಿಸಿಹೋಗುವ ಸಂದೇಶಗಳು ಯಾರ ಜೊತೆಗೂ ಬೇಡ.

ಇಲ್ಲಿ ನೋವಿನ ಸಂಗತಿಯೊಂದನ್ನು ಹೇಳಲೇಬೇಕು. ರವಿ ಜಕರಾಯಸ್ ಚೆನ್ನೈಯಲ್ಲಿ ಹುಟ್ಟಿ, ಕ್ರೈಸ್ತ ನಂಬಿಕೆಯ ಪರವಾಗಿ ಲೋಕವೆಲ್ಲ ಸುತ್ತಿ ಮಾತಾಡಿದವರು. ಬೆಂಗಳೂರಿನಲ್ಲೂ ಅವರ ಪುಸ್ತಕ ಓದಿ ಬೆಳೆದವರು ಎಷ್ಟೋ ಜನ ಇದ್ದಾರೆ. 2017ರಲ್ಲಿ ಅವರ ಮೇಲೆ ಆರೋಪ ಬಂದಾಗ, ಹೆಂಡತಿ, ಹೆಣ್ಣುಮಕ್ಕಳ ಹೊರತು ಬೇರೆ ಹೆಂಗಸಿನ ಜೊತೆ ಒಂಟಿಯಾಗಿ ಇರದಿರುವುದು ತಮ್ಮ ಬಹುಕಾಲದ ರೂಢಿ ಎಂದು ಹೇಳಿಕೆ ಕೊಟ್ಟರು. ಅಂದರೆ ಗ್ರಹಾಂ ಅವರ ನಿಯಮವನ್ನೇ ಹೇಳಿದರು. ಅವರ ಸಂಸ್ಥೆ ಅದನ್ನು ನಂಬಿ, ದೂರು ಕೊಟ್ಟ ಸ್ತ್ರೀಯನ್ನೇ ತಪ್ಪಿತಸ್ಥೆಯಂತೆ ಕಂಡಿತು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. 2021ರ ಫೆಬ್ರವರಿಯಲ್ಲಿ ಹೊರಗಿನ ಕಾನೂನು ಸಂಸ್ಥೆಯೊಂದರ ತನಿಖಾ ವರದಿ ಬಂತು. ಅಂಗಮರ್ದನ ಮಾಡುವ ಸ್ತ್ರೀಯರ ಮೇಲೆ ವರ್ಷಗಟ್ಟಲೆ ನಡೆದ ಲೈಂಗಿಕ ದೌರ್ಜನ್ಯ, ಫೋನುಗಳಲ್ಲಿ ಸಿಕ್ಕ ಸಂದೇಶಗಳು ಮತ್ತು ಚಿತ್ರಗಳು, ಪರೋಪಕಾರದ ನಿಧಿಯಿಂದ ಅಂಥ ಕೆಲವರಿಗೆ ಸಂದಾಯವಾದ ಹಣ, ಎಲ್ಲವೂ ಅದರಲ್ಲಿತ್ತು. ಪ್ರಕಾಶಕರು ಪುಸ್ತಕಗಳನ್ನು ಹಿಂತೆಗೆದುಕೊಂಡರು. ತಾವು ತಪ್ಪಿದೆವೆಂದು ಮಂಡಳಿಯೇ ಒಪ್ಪಿಕೊಂಡಿತು.

ಬಾಯಲ್ಲಿ ಹೇಳಿದ ನಿಯಮ ಇಬ್ಬರದ್ದೂ ಒಂದೇ. ಆದರೆ ಜಕರಾಯಸ್ ಅವರ ವಿಷಯದಲ್ಲಿ ಆ ನಿಯಮ ಪಾಲನೆಯಾಗುತ್ತಿದೆ ಎಂಬುದಕ್ಕೆ ಸಾಕ್ಷಿ ಅವರೊಬ್ಬರೇ. 2017ರಲ್ಲೇ ಮಂಡಳಿ ಅವರ ಫೋನುಗಳನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಿದ್ದರೆ ಎಷ್ಟೋ ಜನರ ನೋವು ತಪ್ಪುತ್ತಿತ್ತು. ನಿಮ್ಮ ಸಭೆಯ ಪ್ರತಿಯೊಂದು ನಿಯಮದ ಎದುರು ಒಂದು ಹೆಸರು ಬರೆಯಿರಿ, ಇದನ್ನು ನೋಡಿಕೊಳ್ಳುವವರು ಯಾರು ಎಂದು. ಆ ಜಾಗದಲ್ಲಿ ನಾಯಕನದ್ದೇ ಹೆಸರು ಬಂದರೆ ನಿಮಗೆ ನಿಯಮವೇ ಇಲ್ಲವೆಂದು ತಿಳಿಯಿರಿ.

ನಿಯಮಗಳು ಎಲ್ಲವನ್ನೂ ಹಿಡಿಯುತ್ತವೆ ಎಂದೂ ಭಾವಿಸಬೇಡಿ. ಗ್ರಹಾಂ 1972ರಲ್ಲಿ ಶ್ವೇತಭವನದಲ್ಲಿ ಅಧ್ಯಕ್ಷ ನಿಕ್ಸನ್ ಜೊತೆ ಯೆಹೂದ್ಯರ ಬಗ್ಗೆ ಹೀನಾಯವಾಗಿ ಮಾತಾಡಿದ್ದರು. ಧ್ವನಿಮುದ್ರಿಕೆ 2002ರಲ್ಲಿ ಬಿಡುಗಡೆಯಾದಾಗ ಕ್ಷಮೆ ಕೇಳಬೇಕಾಯಿತು. ಅಧಿಕಾರದಲ್ಲಿರುವವರನ್ನು ಮೆಚ್ಚಿಸುವ ಆಸೆ ಮೊಡೆಸ್ಟೊದ ನಾಲ್ಕರಲ್ಲಿ ಸೇರಿರಲಿಲ್ಲ. ಶಾಸಕರು ವೇದಿಕೆಗೆ ಬಂದ ದಿನ ನಮ್ಮ ನಾಯಕರ ನಾಲಿಗೆ ಹೇಗೆ ತಿರುಗುತ್ತದೆ ಎಂಬುದನ್ನೂ ಗಮನಿಸುವುದು ಒಳ್ಳೆಯದು.

ಸುತ್ತಲಿನವರು ಯಾಕೆ ಸುಮ್ಮನಿರುತ್ತಾರೆ? ಎರಡನೆಯ ಸಮುವೇಲನ ಹನ್ನೊಂದನೆಯ ಅಧ್ಯಾಯವನ್ನು ಅರಸ ದಾವೀದನ ಮೇಲಿನ ಕಣ್ಣು ತೆಗೆದು, ಅವನ ಆಳುಗಳ ಮೇಲೆ ಕಣ್ಣಿಟ್ಟು ಓದಿ. ಮಾಳಿಗೆಯಿಂದ ಕಂಡ ಹೆಂಗಸು ಯಾರೆಂದು ಅರಸ ವಿಚಾರಿಸಿದಾಗ, ಊರೀಯನ ಹೆಂಡತಿ ಬತ್ಷೆಬೆಯಲ್ಲವೇ ಎಂದು ಒಬ್ಬ ಉತ್ತರ ಕೊಟ್ಟ. ತಡೆಯಂತೆ ಕೇಳುವ ಮಾತು ಅದೊಂದೇ. ಆಮೇಲೆ ದೂತರು ಹೋಗಿ ಕರೆತಂದರು. ಸೇನಾಪತಿ ಯೋವಾಬ ಅರಸನ ಪತ್ರ ಓದಿ, ಊರೀಯ ಸಾಯಲೆಂದು ಅವನನ್ನು ಯುದ್ಧ ಬಿರುಸಾಗಿದ್ದ ಕಡೆ ನಿಲ್ಲಿಸಿದ. ಒಬ್ಬ ನಾಯಕನ ಪಾಪ ನಡೆಯಲು ಇಷ್ಟು ಜನ ಕೈ ಹಾಕಿದ್ದಾರೆ, ಯಾರೂ ಆಗುವುದಿಲ್ಲ ಎನ್ನಲಿಲ್ಲ. ನಮ್ಮಲ್ಲಿ ಬಾಯಿ ಮುಚ್ಚಿಸಲು ಇನ್ನೊಂದು ವಚನವೇ ಇದೆ, ಅಭಿಷಿಕ್ತನ, ಅಂದರೆ ದೇವರು ನೇಮಿಸಿದವನ, ಮೇಲೆ ಕೈಯೆತ್ತಬಾರದು ಎಂದು. ಅದನ್ನು ಹೇಳಿದ ದಾವೀದ ಏನು ಮಾಡಿದ ನೋಡಿ. ತಾನಿನ್ನೂ ಅರಸನಾಗುವ ಮೊದಲು, ತನ್ನನ್ನು ಬೆನ್ನಟ್ಟುತ್ತಿದ್ದ ಅರಸ ಸೌಲನನ್ನು ಗವಿಯಲ್ಲಿ ಕೊಲ್ಲಲಿಲ್ಲ, ನಿಜ. ಆದರೆ ಹೊರಗೆ ಬಂದು, ಸೌಲನ ನಿಲುವಂಗಿಯಿಂದ ಕತ್ತರಿಸಿದ ತುಂಡನ್ನು ಎತ್ತಿ ತೋರಿಸಿ, ನನ್ನನ್ನು ಯಾಕೆ ಬೇಟೆಯಾಡುತ್ತೀ ಎಂದು ಕೂಗಿ ಕೇಳಿದ. ಸೈನ್ಯದ ಮುಂದೆಯೇ ಅರಸನಿಂದ ಲೆಕ್ಕ ಕೇಳಿದ. ಕೈಯೆತ್ತದಿರುವುದೂ ಪ್ರಶ್ನೆ ಎತ್ತುವುದೂ ಒಂದೇ ಅಧ್ಯಾಯದಲ್ಲಿವೆ.

ದೂರು ಬಂದ ದಿನ ಏನು ಮಾಡಬೇಕು? ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯವಾದರೆ ಕಮಿಟಿ ಸಭೆ ಸೇರಿಸುವ ಮಾತೇ ಇಲ್ಲ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೂ ಜೈಲು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ನೆರವು ಕೇಳಬಹುದು. ರಾಜಿ ಪಂಚಾಯಿತಿ ಮಾಡಲು ನಿಮಗೆ ಅಧಿಕಾರವಿಲ್ಲ. ದುಡಿಯುವ ಸ್ತ್ರೀಯರ ಲೈಂಗಿಕ ಕಿರುಕುಳದ ದೂರಾದರೆ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಶಾಲೆ, ಆಸ್ಪತ್ರೆ, ಟ್ರಸ್ಟುಗಳಲ್ಲಿ 2013ರ ಕಾಯಿದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದ್ದು, ಸದಸ್ಯರಲ್ಲಿ ಅರ್ಧದಷ್ಟಾದರೂ ಸ್ತ್ರೀಯರು, ಹೊರಗಿನವರು ಒಬ್ಬರು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮಿಕ್ಕ ದೂರುಗಳಲ್ಲಿ ಹಿರಿಯನ ವಿರುದ್ಧ ಇಬ್ಬರು ಮೂವರ ಸಾಕ್ಷಿ ಬೇಕೆಂಬ ಪೌಲನ ಮಾತನ್ನು ಬಾಗಿಲು ಮುಚ್ಚಲು ಬಳಸುವವರಿದ್ದಾರೆ. ಪಾಪದಲ್ಲಿ ಇರುವವರನ್ನು ಎಲ್ಲರ ಮುಂದೆ ಗದರಿಸು, ಪಕ್ಷಪಾತ ಮಾಡಬೇಡ ಎಂಬ ಮಾತುಗಳು ಅದರ ಬೆನ್ನಿಗೇ ಇವೆ. ಸುಳ್ಳು ದೂರಿನಿಂದ ನಾಯಕನನ್ನು ಕಾಪಾಡುವುದೂ, ನಿಜವಾದ ದೂರನ್ನು ಬೆಳಕಿಗೆ ತರುವುದೂ ಒಂದೇ ವಿಚಾರಣೆಯ ಕೆಲಸ. ಗೊತ್ತಿದ್ದೂ ಸದ್ದಿಲ್ಲದೆ ಬೇರೆ ಊರಿಗೆ ವರ್ಗ ಮಾಡುವುದು ಎರಡನ್ನೂ ಮಾಡುವುದಿಲ್ಲ. ಹೊಸ ಊರಿನವರಿಗೆ ಮಾಡುವ ಮೋಸ ಅದು.

‘ಯೇಸು ಕ್ಷಮಿಸಲಿಲ್ಲವೇ’ ಎಂಬ ಪ್ರಶ್ನೆ ಆಗ ಬಂದೇ ಬರುತ್ತದೆ. ಕ್ಷಮೆ ಪಶ್ಚಾತ್ತಾಪಪಟ್ಟ ಯಾರಿಗಾದರೂ ಇದೆ. ಪ್ರಸಂಗಪೀಠ ಯಾರ ಹಕ್ಕೂ ಅಲ್ಲ. ಸುಂಕದವನಾದ ಜಕ್ಕಾಯ ಯೇಸುವಿನ ಮುಂದೆ ಅತ್ತನೆಂದು ಲೂಕ ಬರೆದಿಲ್ಲ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ಹೇಳಿದ ಎಂದು ಬರೆದಿದ್ದಾನೆ. ಬಿದ್ದ ನಾಯಕ ಪೂರ್ತಿ ಒಪ್ಪಿಕೊಂಡನೇ, ಅಥವಾ ಸಿಕ್ಕಿಬಿದ್ದಷ್ಟನ್ನು ಮಾತ್ರವೇ? ಹಣ ತಿರುಗಿ ಬಂತೇ? ನೊಂದವರನ್ನು ಹುಡುಕಿಕೊಂಡು ಹೋಗಿ ಕ್ಷಮೆಗೆ ಪೀಡಿಸುವುದನ್ನು ಬಿಟ್ಟನೇ? ಕೊಟ್ಟ ಶಿಸ್ತನ್ನು ಗೊಣಗದೆ ತೆಗೆದುಕೊಂಡನೇ? ಇವುಗಳನ್ನು ನೋಡಲು ವರ್ಷಗಳು ಬೇಕು, ಒಂದು ಭಾನುವಾರದ ಕಣ್ಣೀರು ಸಾಲದು.

ಕೊನೆಯದಾಗಿ ಸಣ್ಣ ಸ್ವತಂತ್ರ ಸಭೆಗಳ ವಿಷಯ, ಯಾಕೆಂದರೆ ನಿಮ್ಮಲ್ಲಿ ಅನೇಕರು ಅಂಥ ಕಡೆಯಿಂದ ಬಂದಿದ್ದೀರಿ. ಟ್ರಸ್ಟ್ ಪತ್ರದಲ್ಲಿ ಪಾಲಕರು, ಅವರ ಹೆಂಡತಿ, ಹೆಂಡತಿಯ ತಮ್ಮ, ಈ ಮೂವರೇ. ಪ್ರಶ್ನೆ ಕೇಳುವವರು ಯಾರೂ ಇಲ್ಲ. ಸಮುವೇಲನಂಥವನೇ ಮಕ್ಕಳನ್ನು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಕೂರಿಸಿದ, ಅವರು ಲಂಚ ತಿಂದರು. ಹಾಗಾಗಿ ಮನೆಯವರು ಒಳ್ಳೆಯವರು ಎಂಬುದು ಉತ್ತರವಾಗುವುದಿಲ್ಲ. ಮೊದಲ ಹೆಜ್ಜೆ ಇಡಲು ಟ್ರಸ್ಟ್ ಪತ್ರ ಬದಲಾಗುವವರೆಗೆ ಕಾಯಬೇಕಿಲ್ಲ. ನೆರೆಯ ಎರಡು ಸಭೆಗಳಿಂದ, ನಿಮಗೆ ಸಂಬಂಧಿಕರಲ್ಲದ, ನಿಮ್ಮಿಂದ ಯಾವ ಸಹಾಯವನ್ನೂ ಪಡೆಯದ ಇಬ್ಬರನ್ನು ಕರೆಯಿರಿ. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್, ರಸೀದಿ ಪುಸ್ತಕ, ವೋಚರುಗಳನ್ನು ಅವರ ಮುಂದಿಡಿ. ಅವರ ಫೋನ್ ನಂಬರನ್ನು ಸಭೆಯ ನೋಟಿಸ್ ಬೋರ್ಡಿನಲ್ಲಿ ಹಾಕಿ, ಪಾಲಕರ ಮೇಲೆ ದೂರಿದ್ದರೆ ಇವರಿಗೆ ನೇರವಾಗಿ ಹೇಳಬಹುದು ಎಂದು ಪಾಲಕರೇ ಆರಾಧನೆಯಲ್ಲಿ ಓದಿ ಹೇಳಲಿ. ಆಮೇಲೆ ವಕೀಲರನ್ನು ಕಂಡು, ಪತ್ರದಲ್ಲಿ ಅವಕಾಶವಿರುವಂತೆ ಹೊರಗಿನ ಇಬ್ಬರನ್ನು ಟ್ರಸ್ಟಿಗಳಾಗಿ ಸೇರಿಸಿ, ಬ್ಯಾಂಕಿನ ಚೆಕ್ಕಿಗೆ ಎರಡು ಸಹಿ ಬೇಕೆಂದು ಮಾಡಿ, ಎರಡನೆಯ ಸಹಿ ಮನೆಯವರದ್ದಾಗದಂತೆ ನೋಡಿಕೊಳ್ಳಿ.